ಮೇಲಿನ ಪೀಸು ಯಾರು ತೆಗೆದರು

ನಾನು ಓದಿದ್ದು ಏಳನೇ ಕ್ಲಾಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಬೆನ್ನ ಹಿಂದೆ ಹೇಳುವವರು ಇದ್ದೇ ಇದ್ದಾರೆ. ಆ ಏಳನೇ ಕ್ಲಾಸಿನವನು ಎರಡು ಊರಿನ ಪ್ರೆಸ್ಸುಗಳಲ್ಲಿ ಕೂದಲು ಬೆಳ್ಳಗಾಗುವವರೆಗೆ ಪುಟ ಕಟ್ಟಿದ. ಮೊದಲು ಸೀಸದ ಅಚ್ಚುಮೊಳೆಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಈಗ ಡಿಟಿಪಿ ಕಲಿಯಲು ಕೂರುವವರು ಮೂರು ತಿಂಗಳಿಗೆ ಎಲ್ಲಾ ಬಂತು ಅನ್ನುತ್ತಾರೆ. ಬರಲಿ, ಸಂತೋಷ. ಆದರೆ ಒಂದು ಪುಸ್ತಕದ ಪುಟಗಳೆಲ್ಲ ಒಟ್ಟಿಗೆ ಕೆಟ್ಟು ಕೂತಾಗ ಎಲ್ಲಿಂದ ಹುಡುಕಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಅದನ್ನು ಬರೆಯಲು ಕೂತಿದ್ದೇನೆ. ಅದನ್ನು ಬರೆಯಬೇಕಾದರೆ ನಾಗವೇಣಿಯ ವಿಷಯವನ್ನೂ ಬರೆಯಬೇಕಾಗುತ್ತದೆ. ಅದು ನನಗೆ ಇಷ್ಟವಿಲ್ಲ. ಆದರೂ ಬರೆಯುತ್ತೇನೆ.

ನಮ್ಮದು ಆಂಧ್ರದ ಗಡಿಯೊಳಗೆ, ಗುಡಿಬಂಡೆ ಕಡೆಯ ಹಳ್ಳಿ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಸಾಕಣೆ. ಹುಳಕ್ಕೆ ಸೊಪ್ಪು ಹಾಕುವುದು ಬೇಡವೆಂದು ಮಡಕಶಿರದ ಒಂದು ಅಚ್ಚುಕೂಟ ಸೇರಿಕೊಂಡೆ. ಅಲ್ಲಿ ಮೊಳೆ ಜೋಡಿಸುವುದನ್ನು ಕಲಿಸಿದವರು ನರಸಿಂಹಯ್ಯ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಮೊಳೆಯ ಮೇಷ್ಟ್ರು. ಅವರು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಬೈಯುತ್ತಿದ್ದರು.

ಸೇರಿದ ಹೊಸದರಲ್ಲಿ ಒಂದು ಪುಸ್ತಕದ ಕೆಲಸ ಬಂತು. ಪ್ರತಿ ಪುಟದ ನೆತ್ತಿಯ ಮೇಲೆ ಪುಸ್ತಕದ ಹೆಸರು ಬರಬೇಕು. ನಾನು ಪ್ರತಿ ಪುಟಕ್ಕೂ ಆ ಹೆಸರನ್ನು ಒಂದೊಂದೇ ಮೊಳೆ ಆರಿಸಿ ಜೋಡಿಸುತ್ತಾ ಕೂತಿದ್ದೆ. ಮೇಷ್ಟ್ರು ನಿಂತು ನೋಡಿದರು.

“ಏನ್ಲಾ ತಿಪ್ಪೇಸ್ವಾಮಿ, ನಿಮ್ಮಪ್ಪ ಹಿಪ್ಪುನೇರಳೆ ಗಿಡಾನ ದಿನಾ ಬೆಳಗ್ಗೆ ಹೊಸದಾಗಿ ನೆಡ್ತಾನೇನ್ಲಾ?”

“ಇಲ್ಲ ಸಾ. ಒಂದ್ಸಲ ನೆಟ್ರೆ ಆಯ್ತು. ಸೊಪ್ಪು ಕುಯ್ಕೊಂತಾ ಇರೋದೇ.”

“ಮತ್ತೆ ಇದ್ನೂ ಹಂಗೇ ಮಾಡ್ಲಾ. ಎಡಗಡೆ ಪುಟದ್ದು ಒಂದು, ಬಲಗಡೆ ಪುಟದ್ದು ಒಂದು. ಜೋಡ್ಸಿ, ದಾರದಾಗೆ ಬಿಗಿದು ಮಡಿಕ್ಕೋ. ಪುಟ ಬದಲಾಗ್ಲಿ, ಅದು ಬದಲಾಗಾದು ಬ್ಯಾಡ.”

ಮುಂದೆ ಕಂಪ್ಯೂಟರಿನಲ್ಲಿ ಮಾಸ್ಟರ್ ಪೇಜ್ ಅಂತ ಒಂದಿದೆ ಎಂದು ಕಲಿತವರು ಬಂದು ಹೇಳಿದಾಗ ನಾನು ನಕ್ಕಿದ್ದೆ. ಅದು ಮೇಷ್ಟ್ರ ದಾರ ಕಟ್ಟಿದ ಮೊಳೆಗಿಂತ ಬೇರೆ ಅಲ್ಲ. ಎಲ್ಲ ಪುಟಗಳ ಹಿಂದೆ ಅಡಗಿರುವ ಎರಡು ಪುಟ, ಒಂದು ಎಡದ್ದು, ಒಂದು ಬಲದ್ದು. ಅಲ್ಲಿ ಬರೆದದ್ದು ಎಲ್ಲ ಪುಟಗಳಲ್ಲೂ ಕಾಣುತ್ತದೆ, ಆದರೆ ಆ ಪುಟಗಳಲ್ಲಿ ಕೂತು ಅದನ್ನು ಮುಟ್ಟಲು ಆಗುವುದಿಲ್ಲ.

ಮೇಷ್ಟ್ರಿಂದ ಇನ್ನೊಂದು ಅಭ್ಯಾಸವೂ ಅಂಟಿತು. ಯಾವ ಕೆಲಸ ಶುರು ಮಾಡಿದರೂ ಅವರು ಮೊದಲು ‘ಶ್ರೀ’ ಮೊಳೆಯನ್ನು ಇಟ್ಟು, ಅದರ ಮುಂದೆ ಜೋಡಿಸುತ್ತಾ ಹೋಗುತ್ತಿದ್ದರು. ಅಚ್ಚಿಗೆ ಹೋಗುವ ಮುಂಚೆ ಆ ಮೊಳೆಯನ್ನು ತೆಗೆದು ಖಾನೆಗೆ ಹಾಕುತ್ತಿದ್ದರು. ಅದು ಅಚ್ಚಾಗುವುದಕ್ಕಲ್ಲ, ಶುರುವಾಗುವುದಕ್ಕೆ.

ನಮ್ಮ ಕಡೆಯವರು ಬೆಂಗಳೂರಿನ ಗಾರ್ಮೆಂಟ್ಸುಗಳಿಗೆಂದು ಬಸ್ಸು ಹತ್ತಲು ಶುರು ಮಾಡಿದ ಕಾಲದಲ್ಲಿ ನಾನು ರಾಯದುರ್ಗದ ಬಸ್ಸು ಹತ್ತಿದೆ. ಅಲ್ಲಿ ಜೀನ್ಸ್ ಹೊಲಿಗೆ ಓಣಿ ಓಣಿಗೆ ಹಬ್ಬಿತ್ತು. ಪ್ಯಾಂಟಿಗೊಂದು ಲೇಬಲ್ ಬೇಕು, ಸೈಜಿನ ಚೀಟಿ ಬೇಕು, ಬಿಲ್ ಬುಕ್ ಬೇಕು. ಪ್ರೆಸ್ಸುಗಳಿಗೆ ಬಿಡುವಿರಲಿಲ್ಲ. ನಾನು ಸೇರಿದ ಪ್ರೆಸ್ಸಿನ ಮಾಲೀಕರು ವೀರಭದ್ರಪ್ಪನವರು, ಎಲ್ಲರಿಗೂ ಸಾವ್ಕಾರ್ರು. ನನ್ನ ಮಡಕಶಿರದ ಮಾತು ಕೇಳಿ ಅವರಿಗೆ ತಮಾಷೆ. “ಕಣ್ರೀ, ಕಣ್ರೀ ಅಂತೀಯಲ್ಲೋ, ಆ ಕಣ್ಣು ಪ್ರೂಫ್ ನೋಡಾಗ ಎಲ್ಲಿ ಹೋಗತಾವ?” ಅನ್ನುತ್ತಿದ್ದರು.

ಅವರು ಕಂಪ್ಯೂಟರ್ ತರಿಸಿದಾಗ, ಅದರ ಜೊತೆ ಬಂದವನು ನನಗೆ ವಾರವಿಡೀ ಕಲಿಸಿ ಹೋದ. ಮಿಕ್ಕದ್ದನ್ನು ನಾನೇ ಕಲಿತೆ, ತಪ್ಪು ಮಾಡಿ ಮಾಡಿ. ದೊಡ್ಡ ತಪ್ಪು ಒಂದು ಮದುವೆ ಪತ್ರಿಕೆಯದು. ಜೀನ್ಸ್ ಲೇಬಲ್ಲಿನ ಫೈಲನ್ನು ತೆರೆದು, ಅದರಲ್ಲಿದ್ದದ್ದನ್ನೆಲ್ಲ ಅಳಿಸಿ, ಅದರ ಮೇಲೆಯೇ ಪತ್ರಿಕೆ ಕಟ್ಟಿದ್ದೆ. ಆದರೆ ಲೇಬಲ್ಲಿನ ಅಳತೆಯ ಸಾಲು ಮಾಸ್ಟರ್ ಪುಟದಲ್ಲಿ ಉಳಿದಿತ್ತು. ಹಂಚಿದ ಮೇಲೆ ಮದುಮಗನ ಸೋದರಮಾವ ಪತ್ರಿಕೆ ಹಿಡಿದುಕೊಂಡು ಬಂದ.

“ಏನ್ರಿ ಇದು? ಮದುಮಗನ ಹೆಸರಿನ ಕೆಳಗ ‘ಸೊಂಟ 32’ ಅಂತ ಹಾಕೀರಲ್ರಿ!”

ಸಾವ್ಕಾರ್ರು ಕೈ ಮುಗಿದರು.

“ಅಳತಿ ಹಾಕಿದ್ದಕ್ಕ ನಮಗ ಸಿಟ್ಟಿಲ್ರಿ. ಆದ್ರ ನಮ್ಮ ಹುಡುಗನ್ನ ನೋಡೀರೇನು? ಸೊಂಟ ನಲವತ್ತರ ಮ್ಯಾಲ ಐತಿ. ಹೆಣ್ಣಿನ ಕಡೇರು ಮೂವತ್ತೆರಡಾ ಅಂತ ನಂಬಿಬಿಟ್ರ ನಾಳೆ ನಾವು ಯಾರನ್ನ ತಂದು ಕುಂದರ್ಸೋಣು?”

ಪ್ರೆಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಅವತ್ತೇ ಮೊದಲ ಪಾಠ ಬರೆದುಕೊಂಡೆ: ಪುಟದ ಮೇಲೆ ಕಾಣುವ ಅಕ್ಷರ ಮೌಸಿಗೆ ಸಿಗದಿದ್ದರೆ ಅದು ಪುಟದಲ್ಲಿಲ್ಲ, ಮಾಸ್ಟರಿನಲ್ಲಿದೆ. ಹಳೆಯ ಫೈಲಿನ ಮೇಲೆ ಹೊಸ ಕೆಲಸ ಕಟ್ಟುವವರು ಮೊದಲು ಮಾಸ್ಟರನ್ನು ತೆರೆದು ನೋಡಬೇಕು.

ಹೀಗೆ ಒಂದೊಂದಾಗಿ ಕಲಿಯುತ್ತಾ ಹೋದೆ. ನಮ್ಮಲ್ಲಿ ಕನ್ನಡದ ತಲೆಬರಹವಾಗಿದ್ದದ್ದು ಬಳ್ಳಾರಿಯ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷಿನ ಕಸವಾಗುತ್ತಿತ್ತು. ಪುಟದ ಫಾಂಟು ಬದಲಿಸಿದವರು ಮಾಸ್ಟರಿನ ಫಾಂಟು ಮರೆತಿರುತ್ತಿದ್ದರು. ಬಿಳಿ ಬಣ್ಣದ ಪೆಟ್ಟಿಗೆಯೊಂದು ತಲೆಬರಹದ ಮೇಲೆ ಕೂತು ಅದನ್ನು ಮುಚ್ಚಿರುತ್ತಿತ್ತು. ಕಣ್ಣಿಗೆ ಕಾಣದ ಆ ಪೆಟ್ಟಿಗೆ ಮೌಸಿಗೆ ಸಿಗುತ್ತಿತ್ತು. ಬೇರೆ ಪ್ರೆಸ್ಸುಗಳವರೂ ಪುಟ ಕೆಟ್ಟರೆ ನನ್ನನ್ನು ಕರೆಯತೊಡಗಿದರು. “ಮಾಸ್ಟರ್” ಅನ್ನತೊಡಗಿದರು. ಆ ಊರಿನಲ್ಲಿ ಮಾಸ್ಟರ್ ಅಂದರೆ ಕಟಿಂಗ್ ಮಾಸ್ಟರ್, ಬಟ್ಟೆಗೆ ಕತ್ತರಿ ಹಾಕುವ ದೊಡ್ಡ ಮನುಷ್ಯ. ಏಳನೇ ಕ್ಲಾಸಿನವನಿಗೆ ಆ ಹೆಸರು ಸಿಕ್ಕಿತ್ತು. ನನ್ನ ಹತ್ತಿರ ಇದ್ದದ್ದು ಅದೊಂದೇ.

ನಾಗವೇಣಿ ಬಂದದ್ದು ಆಗ. ಜೀನ್ಸ್ ಯೂನಿಟ್ಟಿನಲ್ಲಿ ಕತ್ತರಿಸಿದ ತುಂಡುಗಳಿಗೆ ನಂಬರ್ ಚೀಟಿ ಅಂಟಿಸುವ ಕೆಲಸದಲ್ಲಿದ್ದಳು. ಸಂಜೆ ಹೋಗಿ ಟೈಪಿಂಗ್ ಕಲಿತಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಸಾವ್ಕಾರ್ರು ಎರಡನೇ ಕಂಪ್ಯೂಟರ್ ತರಿಸಿ ಅವಳನ್ನು ಕೂರಿಸಿದರು. ಕನ್ನಡ, ತೆಲುಗು ಎರಡನ್ನೂ ಕೀಲಿ ನೋಡದೆ ಹೊಡೆಯುತ್ತಿದ್ದಳು. ನನಗೆ ತೆಲುಗು ಮಾತು ನೀರು ಕುಡಿದಷ್ಟು ಸುಲಭ, ಆದರೆ ಅಕ್ಷರ ಹೊಡೆಯುವಾಗ ಬೆರಳು ತಡಕಾಡುತ್ತಿತ್ತು. ಅವಳು ಗಿರಾಕಿಯ ಮುಖ ನೋಡಿ ಮಾತಾಡುತ್ತಲೇ ಹೊಡೆಯುತ್ತಿದ್ದಳು.

ತಿಂಗಳು ಕಳೆಯುವುದರೊಳಗೆ ಬಾಗಿಲಲ್ಲಿ ನಿಂತವರು ನನ್ನನ್ನು ದಾಟಿ ನೋಡಿ, “ನಾಗವೇಣಿ ಇಲ್ಲೇನ್ರಿ?” ಅನ್ನತೊಡಗಿದರು. ಸಾವ್ಕಾರ್ರು ಟೇಬಲ್ ಫ್ಯಾನನ್ನು ಅವಳ ಕಡೆ ತಿರುಗಿಸಿದರು. ಹೊಸ ಕಂಪ್ಯೂಟರಿಗೆ ಸೆಕೆ ಆಗಬಾರದಂತೆ. ಹಳೆಯ ಕಂಪ್ಯೂಟರಿಗೆ ಸೆಕೆ ಆಗುವುದಿಲ್ಲವೇ? ಅವಳು ಊಟಕ್ಕೆ ಎದ್ದಾಗ ನಾನು ಫ್ಯಾನನ್ನು ನನ್ನ ಕಡೆ ತಿರುಗಿಸುತ್ತಿದ್ದೆ. ಅವಳು ಬಂದು ಏನೂ ಅನ್ನದೆ ಸೆರಗಿನಿಂದ ಮುಖ ಒರೆಸಿಕೊಂಡು ಕೂರುತ್ತಿದ್ದಳು. ಅದನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿರುತ್ತಿತ್ತು.

ಆಗ ಬಂತು ಆ ಪುಸ್ತಕ. ಹೊಲಿಗೆ ತರಬೇತಿ ಕೇಂದ್ರ ನಡೆಸುತ್ತಿದ್ದ ಪಂಪಾಪತಿಯವರು ತಂದರು. ಭೈರವಾನಿತಿಪ್ಪ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅವರವರ ಊರಲ್ಲೇ ಹೊಲಿಗೆ ಕಲಿಸುವ ತರಗತಿ ಶುರು ಮಾಡುವವರಿದ್ದರು. ಅದಕ್ಕೊಂದು ಕೈಪಿಡಿ. ಎಡಗಡೆ ಪುಟ ಕನ್ನಡ, ಅದರ ಎದುರು ಬಲಗಡೆ ಅದೇ ಪಾಠ ತೆಲುಗಿನಲ್ಲಿ. ನೆತ್ತಿಯ ತಲೆಬರಹವೂ ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು. ನನಗೆಂದೇ ಹೇಳಿ ಮಾಡಿಸಿದ ಕೆಲಸ. ಎಡ ಬಲ ಮಾಸ್ಟರುಗಳ ಆಟವೇ ಅದು.

ಸಾವ್ಕಾರ್ರು ಅದನ್ನು ನಾಗವೇಣಿಗೆ ಕೊಟ್ಟರು. “ತೆಲುಗು ಆಕಿ ಕೈಯಾಗ ಲಗೂ ಆಕ್ಕೈತಿ. ನೀನು ನಿನ್ನ ಮಾದರಿ ಫೈಲ್ ಆಕಿಗೆ ಕೊಡು,” ಅಂದರು. ಮುಂದಿನ ಓಣಿಯಲ್ಲಿ ಕಂಪ್ಯೂಟರುಗಳಿಗೇ ಒಂದು ರೂಮು ಮಾಡುವ ಯೋಚನೆ ಅವರಿಗಿತ್ತು. ಈ ಪುಸ್ತಕ ಯಾರ ಕೈಯಲ್ಲಿ ಚೆನ್ನಾಗಿ ಹೊರಬರುತ್ತದೋ ಅವರೇ ಆ ರೂಮಿಗೆ ಹಿರಿಯರು ಎಂದೂ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ನನ್ನ ಮಾದರಿ ಫೈಲನ್ನು ಕೊಟ್ಟೆ. ಆದರೆ ಅದರ ಗುಟ್ಟು ಹೇಳಲಿಲ್ಲ. ನಾನು ಕಟ್ಟುವ ಎಲ್ಲ ಫೈಲುಗಳ ಮೊದಲ ಪುಟದಲ್ಲಿ ‘ಶ್ರೀ’ ಎಂದಷ್ಟೇ ಇರುತ್ತಿತ್ತು. ಮೇಷ್ಟ್ರ ಅಭ್ಯಾಸ. ಆ ಪುಟವನ್ನು ಬಿಟ್ಟು ಎರಡನೆಯದರಿಂದ ಪ್ರಿಂಟು ತೆಗೆಯುತ್ತಿದ್ದೆ. ಇದರಿಂದ ಒಂದು ತೊಡಕಿತ್ತು. ಪುಸ್ತಕದ ಮೊದಲ ಪುಟ ಯಾವಾಗಲೂ ಬಲಗಡೆ ಬರಬೇಕು. ನನ್ನ ಫೈಲಿನಲ್ಲಿ ಆ ಜಾಗದಲ್ಲಿ ಶ್ರೀ ಕೂತಿರುವುದರಿಂದ ನಿಜವಾದ ಮೊದಲ ಪುಟ ಎಡಕ್ಕೆ ಸರಿಯುತ್ತಿತ್ತು, ಮುಂದಿನ ಪುಟಗಳೆಲ್ಲ ಅದರ ಹಿಂದೆಯೇ ಅದಲುಬದಲು. ಅದಕ್ಕಾಗಿ ನಾನು ಮಾಸ್ಟರುಗಳನ್ನೂ ಅದಲುಬದಲಾಗಿ ಮಾಡಿಟ್ಟಿದ್ದೆ. ಎಡ ಮಾಸ್ಟರಿನಲ್ಲಿ ಬಲದ ತಲೆಬರಹ, ಬಲದ ಅಂಚು; ಬಲ ಮಾಸ್ಟರಿನಲ್ಲಿ ಎಡದವು. ಎರಡು ತಿರುವು ಸೇರಿ ಹಾಳೆಯ ಮೇಲೆ ಎಲ್ಲವೂ ಸರಿಯಾಗಿ ಬರುತ್ತಿತ್ತು. ಪುಟಸಂಖ್ಯೆಯನ್ನು ಕೊನೆಯಲ್ಲಿ ಕೈಯಿಂದ ಹೊಡೆಯುತ್ತಿದ್ದೆ. ಕಲಿತವರು ನಗಬಹುದು. ನನಗೆ ನಡೆಯುತ್ತಿತ್ತು.

ನಾಗವೇಣಿ ಪುಸ್ತಕವನ್ನೆಲ್ಲ ಕಟ್ಟಿದಳು. ಪ್ರೂಫ್ ಸರಿಯಾಗಿಯೇ ಬಂತು. ಕೊನೆಯ ಪ್ರತಿ ತೆಗೆಯುವ ಮುಂಚೆ ಫೈಲನ್ನು ಚೊಕ್ಕಟ ಮಾಡುತ್ತಾ, ಬರೀ ‘ಶ್ರೀ’ ಇದ್ದ ಮೊದಲ ಪುಟವನ್ನು ತೆಗೆದುಹಾಕಿದಳು. ನಾನು ನನ್ನ ಕುರ್ಚಿಯಿಂದ ನೋಡಿದೆ. ತಡೆಯಲಿಲ್ಲ.

ಪ್ರಿಂಟು ಬಂದಾಗ ಕನ್ನಡದ ಪಾಠಗಳ ನೆತ್ತಿಯ ಮೇಲೆಲ್ಲ ತೆಲುಗು, ತೆಲುಗು ಪಾಠಗಳ ಮೇಲೆಲ್ಲ ಕನ್ನಡ. ಪುಸ್ತಕದ ಬೆನ್ನಿಗೆ ಹೊಲಿಗೆ ಹಾಕುವ ಕಡೆ ಬಿಡಬೇಕಾದ ಅಂಚು ಹೊರಕ್ಕೆ ಹೋಗಿತ್ತು. ಅವಳು ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದಳು.

“ಅಣ್ಣಾ, ಇದ್ಯಾಕ ಹಿಂಗಾತು? ನಿನ್ನೆ ಸರಿ ಇತ್ತಲ್ರಿ.”

“ನಂಗೂ ತಿಳೀತಿಲ್ಲ ಕಣಮ್ಮ,” ಅಂದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹುಡುಕುವವನ ಹಾಗೆ ಮಾಡಿ, ವಾಪಸ್ ಕೊಟ್ಟೆ. “ನೀನೇ ಏನೋ ಮುಟ್ಟಿರ್ತೀಯ. ನೋಡು.”

ಅವಳು ನೋಡುತ್ತಲೇ ಇದ್ದಳು. ಒಂದೊಂದು ಪುಟದ ತಲೆಬರಹವನ್ನೂ ಬಿಳಿ ಪೆಟ್ಟಿಗೆಯಿಂದ ಮುಚ್ಚಿ ಮೇಲೆ ಹೊಸದಾಗಿ ಹೊಡೆಯಲು ಶುರು ಮಾಡಿದಳು. ಅದು ತಪ್ಪು ದಾರಿ; ಅಂಚು ಹಾಗೆಯೇ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವಳು ಅರ್ಧ ದಿನ ಮಾಡಿ, ತಾನೇ ಅದನ್ನು ಕಂಡುಕೊಂಡು, ಎಲ್ಲವನ್ನೂ ಅಳಿಸಿದಳು. ನಾನು ಲೇಬಲ್ ಕಟ್ಟುತ್ತಾ ಶಿಳ್ಳೆ ಹಾಕುತ್ತಿದ್ದೆ. ಶಿಳ್ಳೆ ಹಾಕಿದ್ದು ನೆನಪಿದೆ.

ಮಾರನೆಯ ದಿನ ಪಂಪಾಪತಿಯವರು ಬಂದರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ.

“ಏಮಪ್ಪಾ ವೀರಭದ್ರಪ್ಪ, ಏಮಾಯ್ತು ನಾ ಪುಸ್ತಕಂ? ಸೋಮವಾರ ಕ್ಲಾಸು ಶುರು ಐತಿ. ಹೆಣ್ಣುಮಕ್ಕಳು ಹೆಸರು ಬರಸ್ಯಾರ. ಶುಕ್ರವಾರಕ್ಕ ಆಗಲಿಲ್ಲಂದ್ರ ನಾ ಬಳ್ಳಾರಿಗೆ ಒಯ್ತೀನಿ.”

ಅವರು ಹೋದ ಮೇಲೆ ಸಾವ್ಕಾರ್ರು ನಾಗವೇಣಿಯ ಮೇಜಿನ ಮುಂದೆ ನಿಂತರು. ಅವರು ಕೂಗುವ ಮನುಷ್ಯರಲ್ಲ. “ಈ ಪುಸ್ತಕ ಕೈಬಿಟ್ರ ನಿನಗ ನಂಬರ್ ಚೀಟಿ ಕೆಲಸಾನಾ ಗತಿ, ನೋಡವ್ವ. ನಾ ಎರಡನೇ ಕಂಪ್ಯೂಟರ್ ಮಾರಿಬಿಡ್ತೀನಿ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಏನೋ ಮಾಸ್ಟರ್, ನಿನಗೂ ತಿಳೀವಲ್ದೇನು?” ಅಂದರು.

“ಇಲ್ಲ ಕಣ್ರೀ.”

ಒಂದು ನಿಮಿಷದ ಕೆಲಸ. ಖಾಲಿ ಪುಟವೊಂದನ್ನು ಎಲ್ಲಕ್ಕೂ ಮೊದಲು ಸೇರಿಸಿದ್ದರೆ ಮುಗಿಯುತ್ತಿತ್ತು. ಅವಳು ಮತ್ತೆ ಯೂನಿಟ್ಟಿಗೆ ಹೋಗಿ ಚೀಟಿ ಅಂಟಿಸುತ್ತಾಳೆ ಎಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಗುರುವಾರ ಬೆಳಗ್ಗೆ ನಾನು ಪ್ರೆಸ್ಸಿಗೆ ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ಕೆಟ್ಟ ಪ್ರಿಂಟುಗಳನ್ನೆಲ್ಲ ಎರಡೆರಡಾಗಿ ಜೋಡಿಸಿ ಹಾಸಿದ್ದಳು. ಸಾವ್ಕಾರ್ರು ಬಾಗಿಲಲ್ಲೇ ನಿಂತರು, ಕಾಲಿಡಲು ಜಾಗವಿರಲಿಲ್ಲ.

“ಏನವ್ವ ಇದು, ಶೇಂಗಾ ಒಣಗ ಹಾಕಿದಂಗ?”

“ಸಾವ್ಕಾರ್ರ, ನೋಡ್ರಿ. ಇದರಾಗ ಒಂದು ಪುಟಾನೂ ಸರಿ ಇಲ್ಲ. ಎಲ್ಲಾವೂ ಒಂದಾ ನಮೂನಿ ತಪ್ಪು. ಬ್ಯಾರೆ ಬ್ಯಾರೆ ತಪ್ಪಿದ್ರ ನನ್ನ ಕೈ ತಪ್ಪು ಅಂತಿದ್ದೆ. ಇದು ಹಂಗಲ್ರಿ. ಮ್ಯಾಲಿನ ಪೀಸು ಯಾರೋ ತಗದಾರ.”

ಅವಳು ಹೇಳಿದ್ದು ಯೂನಿಟ್ಟಿನ ಲೆಕ್ಕ. ಅಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ; ಪದರದಿಂದ ಪದರಕ್ಕೆ ಬಣ್ಣ ಬೇರೆ ಇರಬಹುದು. ಬಲಗಾಲಿನ ಕಟ್ಟಿಗೂ ಎಡಗಾಲಿನ ಕಟ್ಟಿಗೂ ಮೇಲಿಂದ ಕೆಳಕ್ಕೆ ಒಂದೇ ಕ್ರಮದಲ್ಲಿ ನಂಬರ್ ಹಾಕುತ್ತಾ ಹೋಗುತ್ತಾರೆ, ಒಂದೇ ಪದರದ ಎರಡು ಕಾಲು ಒಂದೇ ಪ್ಯಾಂಟಿಗೆ ಸೇರಲಿ ಎಂದು. ನಂಬರ್ ಹಾಕುವ ಮುಂಚೆ ಒಂದು ಕಟ್ಟಿನ ಮೇಲಿನ ತುಂಡು ಕೊಳೆಯಾಯಿತೆಂದು ಯಾರಾದರೂ ತೆಗೆದು ಬಿಸಾಡಿದರೆ ಮುಗಿಯಿತು. ಅಲ್ಲಿಂದ ಕೆಳಗೆ ಒಂದು ಪ್ಯಾಂಟಿನ ಕಾಲು ಇನ್ನೊಂದಕ್ಕೆ ಹೋಗುತ್ತದೆ. ಹೊಲಿಗೆ ಚೆನ್ನಾಗಿಯೇ ಇರುತ್ತದೆ. ಒಂದು ಕಾಲು ಕಡುನೀಲಿ, ಒಂದು ಕಾಲು ತಿಳಿನೀಲಿ.

“ಯಾರು ತಗದ್ರು?” ಅಂದರು ಸಾವ್ಕಾರ್ರು.

“ನಾನಾ ತಗದೀನ್ರಿ. ಮೊದಲನೇದು ಬರೇ ‘ಶ್ರೀ’ ಅಂತ ಒಂದು ಪುಟ ಇತ್ತು. ಅಚ್ಚಿಗೆ ಬ್ಯಾಡಲ್ಲ ಅಂತ ತಗದೆ. ಅದು ಹೋದ ಕೂಡ್ಲೆ ಎಡದ್ದೆಲ್ಲಾ ಬಲಕ್ಕ, ಬಲದ್ದೆಲ್ಲಾ ಎಡಕ್ಕ. ಆಮ್ಯಾಲ ಮಾಸ್ಟರ್ ತಗದು ನೋಡಿದೆ. ಅಲ್ಲಿ ಮೊದಲಾ ತಿರುವುಮುರುವು ಮಾಡಿಟ್ಟಾರ. ಶ್ರೀ ಇರಾತನಕ ಅದು ಸರಿ ಇತ್ರಿ.”

ಎದ್ದು ಹೋಗಿ ಕುರ್ಚಿಯಲ್ಲಿ ಕೂತು, ಎರಡು ಮಾಸ್ಟರುಗಳನ್ನು ನೆಟ್ಟಗೆ ಮಾಡಿದಳು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಖಾಲಿ ಪುಟ ಸೇರಿಸುವ ನನ್ನ ಉಪಾಯಕ್ಕಿಂತ ಅದು ಚೊಕ್ಕ. ಪ್ರಿಂಟು ಹೊರಬಂತು. ಕನ್ನಡದ ಮೇಲೆ ಕನ್ನಡ, ತೆಲುಗಿನ ಮೇಲೆ ತೆಲುಗು.

ಸಾವ್ಕಾರ್ರು ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಫೈಲ್ ನಿಂದು. ಶ್ರೀ ಬರದಾವ ನೀನು. ತಿರುವುಮುರುವು ಮಾಡಿಟ್ಟಾವನೂ ನೀನಾ. ಈಕಿಗೆ ಹೊಳದದ್ದು ನಿನಗ್ಯಾಕ ಹೊಳೀಲಿಲ್ಲೋ?”

ಅಷ್ಟರಲ್ಲಿ ನಾಗವೇಣಿ ಬಾಯಿ ಹಾಕಿದಳು. ನನ್ನನ್ನು ಉಳಿಸಲೆಂದೇ ಹಾಕಿದಳು, ಅದರಲ್ಲಿ ಅನುಮಾನವಿಲ್ಲ.

“ಬಿಡ್ರಿ ಸಾವ್ಕಾರ್ರ. ಅಣ್ಣಗ ಎಲ್ಲಿ ಗೊತ್ತಿರಬೇಕು? ಅಣ್ಣ ಮೊಳಿ ಕಾಲದಾರು. ಏನೋ ಅಭ್ಯಾಸದ ಮ್ಯಾಲ ಮಾಡ್ಯಾರ. ಮಾಸ್ಟರ್ ಪೇಜ್ ಎಲ್ಲಾ ಅವರಿಗೆ ಅಷ್ಟು ತಿಳಿಯಂಗಿಲ್ಲ.”

ಸುಮ್ಮನಿದ್ದಿದ್ದರೆ ನಾನು ಗೆದ್ದಿದ್ದೆ. ಸಾವ್ಕಾರ್ರ ಮುಖ ಸಡಿಲವಾಗಿತ್ತು. ಪಾಪ, ಓದದವನು, ತಿಳಿಯಲಿಲ್ಲ ಎಂದು ಬಿಟ್ಟುಬಿಡುತ್ತಿದ್ದರು. ಆದರೆ ಆ ‘ಪಾಪ’ ನನಗೆ ಬೇಡವಾಗಿತ್ತು. ಇನ್ನೊಂದೆಡೆ, ಗೊತ್ತಿತ್ತು ಅಂದರೆ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಲು ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದೆ ಎಂದು ಒಪ್ಪಿದಂತೆ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ನಾನು ಆರಿಸಲು ಸಮಯ ತೆಗೆದುಕೊಳ್ಳಲಿಲ್ಲ.

“ಗೊತ್ತಿತ್ತು ಕಣ್ರೀ!” ಅಂದೆ. ಗಂಟಲು ಜೋರಾಗಿಯೇ ಇತ್ತು. “ಅವ್ಳು ಆ ಪುಟ ತೆಗೆದಾಗ್ಲೇ ಗೊತ್ತಿತ್ತು. ಆ ಹಾಳೆ ನನ್ ಕೈಗೆ ಬಂದಾಗ್ಲೇ ಗೊತ್ತಿತ್ತು. ನನಗೆ ಗೊತ್ತಿಲ್ದಿರೋ ಮಾಸ್ಟರ್ ಪೇಜ್ ಯಾವ್ದೂ ಇಲ್ಲ.”

ಹೊರಗೆ ಬೀದಿಯಲ್ಲಿ ಹೊಲಿಗೆ ಮಿಷನ್ನುಗಳ ಸದ್ದು ಕೇಳುತ್ತಿತ್ತು.

ಸಾವ್ಕಾರ್ರು ನಿಧಾನವಾಗಿ ಹೇಳಿದರು: “ಗೊತ್ತಿಲ್ಲಂದಿದ್ರ ಮರೀತಿದ್ದೆ ತಿಪ್ಪೇಸ್ವಾಮಿ.” ಮಾಸ್ಟರ್ ಅನ್ನಲಿಲ್ಲ.

ಇದನ್ನು ಓದುವವರು ನಾನು ಸತ್ಯ ಹೇಳಿದೆ ಎಂದು ಮೆಚ್ಚಬೇಡಿ. ಅದು ಪಶ್ಚಾತ್ತಾಪವಲ್ಲ. ಅವಳಿಗೆ ತಿಳಿದದ್ದು ನನಗೆ ತಿಳಿದಿಲ್ಲ ಎಂದು ಒಬ್ಬರಾದರೂ ನಂಬುವುದನ್ನು ನನ್ನಿಂದ ತಾಳಲಾಗಲಿಲ್ಲ, ಅಷ್ಟೇ. ಕೆಟ್ಟವನು ಅನ್ನಿಸಿಕೊಂಡೇನು, ತಿಳಿಯದವನು ಅನ್ನಿಸಿಕೊಳ್ಳಲಾರೆ. ನನ್ನ ಸ್ವಭಾವ ಆಗಲೂ ಹಾಗಿತ್ತು, ಈಗಲೂ ಹಾಗೇ ಇದೆ.

ಪುಸ್ತಕ ಶುಕ್ರವಾರ ಹೋಯಿತು. ಮುಂದಿನ ಓಣಿಯ ಕಂಪ್ಯೂಟರ್ ರೂಮಿಗೆ ನಾಗವೇಣಿ ಹಿರಿಯಳಾದಳು. ನನ್ನನ್ನು ಕೆಲಸದಿಂದ ತೆಗೆಯಲು ಸಾವ್ಕಾರ್ರು ಸಿದ್ಧರಾಗಿದ್ದರು, ಬೇಡವೆಂದವಳು ಅವಳೇ. ಕರುಣೆಯಿಂದಲ್ಲ. ಮೊದಲ ದಿನ ನನ್ನ ಮುಂದೆ ನಾಲ್ಕು ಬಿಳಿ ಹಾಳೆ, ಒಂದು ಪೆನ್ನು ತಂದಿಟ್ಟಳು. ‘ಅಣ್ಣಾ’ ಇನ್ನೂ ಇತ್ತು, ಆದರೆ ಹಳೆಯ ದನಿ ಇರಲಿಲ್ಲ.

“ಅಣ್ಣಾ, ನಿಮಗ ಗೊತ್ತಿಲ್ಲದ ಮಾಸ್ಟರ್ ಪೇಜ್ ಇಲ್ಲ ಅಂದ್ರಲ್ರಿ. ಗೊತ್ತಿದ್ದದ್ದೆಲ್ಲಾ ಬರದು ಕೊಡ್ರಿ. ಗೋಡಿಗೆ ಅಂಟಿಸ್ತೀನಿ. ಇನ್ನ ಮ್ಯಾಲ ಯಾರಿಗೂ ಯಾರನ್ನೂ ಕೇಳೋ ಪಾಳಿ ಬರಬಾರದು.”

ಬರೆದೆ. ಮೌಸಿಗೆ ಸಿಗದ ಅಕ್ಷರ, ಮರೆತ ಫಾಂಟು, ಬಿಳಿ ಪೆಟ್ಟಿಗೆ, ಶುರುವಿನಲ್ಲಿ ಒಂದು ಪುಟ ಹೆಚ್ಚಾದರೆ ಅಥವಾ ಕಡಿಮೆಯಾದರೆ ತಿರುಗಿಬೀಳುವ ಎಡ ಬಲ, ಹೀಗೆ ಹನ್ನೊಂದು ತೊಂದರೆ, ಹನ್ನೊಂದಕ್ಕೂ ಪರಿಹಾರ. ನನಗೆ ಗೊತ್ತಿದ್ದದ್ದು ಹನ್ನೆರಡು. ಎಲ್ಲ ಪುಟಗಳಲ್ಲಿ ತಲೆಬರಹ ಸರಿಯಿದ್ದು ಒಂದೇ ಒಂದು ಪುಟದಲ್ಲಿ ಮಾತ್ರ ಮಾಯವಾಗಿದ್ದರೆ ಮಾಸ್ಟರನ್ನು ಕೆದಕಬಾರದು. ಆ ಪುಟದಲ್ಲಿ ನಿಂತು ಮೆನು ತೆರೆದರೆ, ಮಾಸ್ಟರನ್ನು ಇಲ್ಲಿ ತೋರಿಸು ಎಂಬ ಸಾಲಿನ ಮುಂದಿನ ಟಿಕ್ಕು ಹೋಗಿರುತ್ತದೆ. ಅದನ್ನು ಬರೆಯಲಿಲ್ಲ. ಒಂದಾದರೂ ನನ್ನಲ್ಲೇ ಇರಲಿ ಅಂದುಕೊಂಡೆ. ಆ ತೊಂದರೆ ಬಂದ ದಿನ ಅವಳು ನನ್ನ ಕುರ್ಚಿಯ ಹತ್ತಿರ ಬರಲಿ ಎಂದು ಕಾದೆ.

ಹತ್ತು ದಿನಕ್ಕೆ ಆ ತೊಂದರೆ ಬಂತು. ಅವಳು ನನ್ನ ಹತ್ತಿರ ಬರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಗೋಡೆಯ ಹಾಳೆಯಲ್ಲಿ ನನ್ನ ಹನ್ನೊಂದರ ಕೆಳಗೆ ಹನ್ನೆರಡನೆಯದು ಬರೆದಿತ್ತು, ಅವಳ ಕೈಯಲ್ಲಿ. ಹತ್ತಿರ ಹೋಗಿ, ಕನ್ನಡಕ ಏರಿಸಿ, ತಪ್ಪೇನಾದರೂ ಸಿಕ್ಕೀತೆಂದು ಎರಡು ಸಲ ಓದಿದೆ. ಸಿಗಲಿಲ್ಲ. ಅಕ್ಷರವೂ ನನ್ನದಕ್ಕಿಂತ ದುಂಡಗಿತ್ತು.